ಅಳಿಯನ ದಿಂಬಿನ ಗೆಜ್ಜೆವಸ್ತ್ರ

ಎದುರು ಮನೆಯ ಮಾಮಿ ಅವತ್ತು ನಿಜಕ್ಕೂ ನಕ್ಕಿದ್ದರೇ ಎಂಬುದು ನನಗೀಗ ಖಚಿತವಿಲ್ಲ. ಅಮ್ಮ ಮಾತ್ರ ನಕ್ಕರು ಎಂದೇ ಹೇಳುತ್ತಾಳೆ. ಹೋದ ವರ್ಷ ತಾಂಬರಂನ ನಮ್ಮ ಅಪಾರ್ಟ್‌ಮೆಂಟಿನವರು ಕೆಳಗೆ ಕೂರಿಸಿದ ಗಣೇಶನಿಗೆ ಅಮ್ಮ ಗೆಜ್ಜೆವಸ್ತ್ರ ಮಾಡಿಕೊಟ್ಟಿದ್ದಳು. ಮನೆಯ ಪುಟ್ಟ ಗಣಪನ ಅಳತೆಗೆ ಮಾಡಿದ್ದು. ಅಲ್ಲಿದ್ದವನು ಐದು ವರ್ಷದ ಹುಡುಗನಷ್ಟು ಎತ್ತರ. ಕುತ್ತಿಗೆಗೆ ಸುತ್ತು ಬರದೆ ಅದು ಕೊನೆಗೆ ಇಲಿಯ ಕೊರಳಿಗೆ ಹೋಯಿತು. "ಪರವಾಯಿಲ್ಲೆ, ಎಲಿಕ್ಕು ಅಳಗಾ ಇರುಕ್ಕು" ಎಂದು ಮಾಮಿ ಹೇಳಿದ್ದು ನನಗೂ ನೆನಪಿದೆ. ಇಲಿಗೆ ಚೆನ್ನಾಗಿಯೇ ಒಪ್ಪಿತ್ತು ಕೂಡ. ನಗು ಮಾತ್ರ ನೆನಪಿಲ್ಲ.

"ನಿಂಗೆ ನೆನಪಿರೋದಾದ್ರೂ ಏನು?" ಎಂದಳು ಅಮ್ಮ. ಈ ವರ್ಷ ಗಣಪನ ಕೊರಳಿಂದ ಪಾದದವರೆಗೆ, ಎಲ್ಲೂ ಗಂಟಿಲ್ಲದ ಒಂದೇ ಹಾರ ಮಾಡುವುದೆಂದು ಆಗಲೇ ನಿಶ್ಚಯವಾಗಿತ್ತು.

ಗೆಜ್ಜೆವಸ್ತ್ರಕ್ಕೆ ಸೂಜಿ ದಾರದ ಹಂಗಿಲ್ಲ. ಬೆರಳಿಗೆ ಹಾಲು ಸವರಿಕೊಂಡು ಅರಳೆಯನ್ನು ಎಳೆಯಾಗಿ ಹೊಸೆಯುತ್ತ, ನಡುನಡುವೆ ಗೆಜ್ಜೆಯಂತೆ ಉಬ್ಬು ಬಿಡುತ್ತ ಹೋಗುವುದು. ಅಷ್ಟೇ. ಅಷ್ಟಕ್ಕೂ ಅರಳೆ ಬೇಕಲ್ಲ. ಅಪ್ಪ ಅಮ್ಮ ಮೈಸೂರಿಂದ ನನ್ನ ಮನೆಗೆ ಹೊರಡುವಾಗ ಅಮ್ಮ ಕಟ್ಟಿಟ್ಟಿದ್ದ ಪೊಟ್ಟಣ ಅಲ್ಲಿಯ ಸೋಫಾದ ಮೇಲೇ ಉಳಿದಿತ್ತು. ನಾನು ಮೆಡಿಕಲ್ ಶಾಪಿನ ಹತ್ತಿ ತಂದುಕೊಟ್ಟೆ. ಎರಡು ಗೆಜ್ಜೆಗೆ ಒಂದು ಸಲ ಕಿತ್ತು ಬಂತು.

"ಇದು ಗಾಯಕ್ಕೆ ಸರಿ, ಗಣಪನಿಗಲ್ಲ" ಎಂದು ಅಮ್ಮ ಪಕ್ಕಕ್ಕಿಟ್ಟಳು.

ಆಗ ಅಪ್ಪ ಚಪ್ಪಲಿ ಮೆಟ್ಟಿದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಊರು ಯಾವುದಾದರೂ ಬಜಾರು ತನಗೆ ಗೊತ್ತು ಎಂಬ ನಂಬಿಕೆ. ವಾಪಸು ಬಂದಾಗ ಕೈಯಲ್ಲಿ ದಿಂಬಿನಷ್ಟೇ ದೊಡ್ಡ ಚೀಲ.

"ಅಂಗಡೀಲಿದ್ದ ಎಲ್ಲಾ ಹತ್ತೀನೂ ಕೆನ್ನೆಗೆ ಒತ್ತಿ ನೋಡಿದೆ ಕಣೇ. ಇದೇ ಎಲ್ಲಕ್ಕಿಂತ ಮೆತ್ತಗಿರೋದು. ರೇಷ್ಮೆ ಇದ್ದಹಾಗಿದೆ!"

ಅಮ್ಮ ಚೀಲದ ಬಾಯಿ ಬಿಚ್ಚಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಮುಂದಿನದನ್ನು ನಾನು ಹೇಗೆ ವರ್ಣಿಸಿದರೂ ಅಪ್ಪ ಉತ್ಪ್ರೇಕ್ಷೆ ಎನ್ನುತ್ತಾರೆ. ಆದರೆ ಟಿವಿಯ ಮೇಲೆ, ದೇವರ ಫೋಟೊಗಳ ಮೇಲೆ, ಅಪ್ಪನ ಹುಬ್ಬಿನ ಮೇಲೆ ಹಿಮ ಬಿದ್ದದ್ದಂತೂ ನಿಜ. ಅಪ್ಪ ತಂದದ್ದು ಬೂರುಗದ ಹತ್ತಿ. ಇಲ್ಲಿಯವರು ದಿಂಬಿಗೆ ತುಂಬುವುದು ಅದನ್ನೇ.

ಅಮ್ಮ ಸೋಲೊಪ್ಪದೆ ಹಾಲು ಸವರಿ ಹೊಸೆದಳು. ಎಳೆ ಬೆರಳಗಲ ಬಂದು ಜಾರಿಹೋಯಿತು. ಮತ್ತೆ ಹೊಸೆದಳು, ಮತ್ತೆ ಜಾರಿತು.

ನನಗೆ ಬಾಯಿ ತಡೆಯಲಿಲ್ಲ. ಪೆರುಂಗುಡಿಯ ನನ್ನ ಆಫೀಸಿನಲ್ಲಿ ವರ್ಷವಿಡೀ ಇದೇ ಕೆಲಸ: ಪ್ಲಾಸ್ಟಿಕ್ಕಿಗೆ ಗಾಜಿನ ನಾರು ಬೆರೆಸಿದರೆ ಎಷ್ಟು ಗಟ್ಟಿಯಾಗುತ್ತದೆಂದು ಲೆಕ್ಕ ಹಾಕುವುದು. ನಾರು ಉದ್ದವಿದ್ದಷ್ಟೂ ಪಕ್ಕದ್ದನ್ನು ಹೆಚ್ಚು ದೂರ ತಬ್ಬಿಕೊಂಡಿರುತ್ತದೆ, ಎಳೆದರೆ ಬಿಡುವುದಿಲ್ಲ. ತುಂಡು ನಾರು ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ, ಆದರೆ ಎಳೆತ ಜೋರಾದರೆ ಕೈಬಿಡುತ್ತದೆ. ಹಾಗಾಗಿ ಡಬ್ಬಿಯ ಮುಚ್ಚಳಕ್ಕೆ ತುಂಡು ಸಾಕು. ಗಾಳಿಯಂತ್ರದ ರೆಕ್ಕೆಗೆ ಉದ್ದದ್ದೇ ಬೇಕು. ಬೂರುಗದ ನಾರು ಗಿಡ್ಡ, ಜೊತೆಗೆ ಮೇಣ ಹಚ್ಚಿದಂಥ ನುಣುಪು. ಹತ್ತಿಯ ಎಳೆಗಿರುವ ಸುರುಳಿ ಅದಕ್ಕಿಲ್ಲ. ಮೆತ್ತಗಿರಲಿಕ್ಕೆ ಯಾವುದು ಕಾರಣವೋ ಹೊಸೆಯಲಾಗದಿರುವುದಕ್ಕೂ ಅದೇ ಕಾರಣ.

"ಅಂದ್ರೆ ನಿಮ್ಮಪ್ಪ ತಂದಿದ್ದು ದಂಡ ಅಂತ ತಾನೇ? ಅದನ್ನ ಇಷ್ಟುದ್ದ ಹೇಳಬೇಕಾ?" ಎಂದಳು ಅಮ್ಮ. ಆಮೇಲೆ ಇದ್ದಕ್ಕಿದ್ದಂತೆ ಅಟ್ಟದ ಕಡೆ ನೋಡಿದಳು. "ಅಳಿಯಂದಿರ ದಿಂಬು ಎಲ್ಲೇ?"

ನನ್ನ ಮದುವೆಯಲ್ಲಿ ಅಳಿಯನಿಗೆಂದು ಹಾಸಿಗೆ ದಿಂಬು ಕೊಟ್ಟಿದ್ದರು. ಆ ದಿಂಬಿಗೆ ಸೋದರಮಾವ ಹಾವೇರಿ ಕಡೆಯಿಂದ ಉದ್ದೆಳೆಯ ಒಳ್ಳೆ ಹತ್ತಿ ತರಿಸಿ, ಯಂತ್ರಕ್ಕೆ ಕೊಟ್ಟರೆ ಎಳೆ ತುಂಡಾಗುತ್ತದೆಂದು ಮನೆಯ ಹೆಂಗಸರಿಂದ ಕೈಯಲ್ಲೇ ಬೀಜ ಬಿಡಿಸಿ ತುಂಬಿಸಿದ್ದ. ಸೀರೆ ನೇಯಬಹುದಾದ ಹತ್ತಿಯನ್ನು ದಿಂಬಿಗೆ ತುಂಬಿದರೆ ಏನಾಗಬೇಕೋ ಅದೇ ಆಯಿತು: ಎಳೆಗಳೆಲ್ಲ ಒಂದನ್ನೊಂದು ಹಿಡಿದುಕೊಂಡು ದಿಂಬು ಇಟ್ಟಿಗೆಯಾಯಿತು. ನನ್ನ ಗಂಡ ಮೊದಲ ದಿನವೇ ಕೈಮುಗಿದು ಫೋಮ್ ದಿಂಬಿಗೆ ಹೋದರು, ಇದು ಅಟ್ಟ ಸೇರಿತು.

ಈಗ ಅಮ್ಮ ಆ ದಿಂಬನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿ ಹಿಡಿದು, ನ್ಯಾಯಾಧೀಶರ ಹಾಗೆ ಕೇಳಿದಳು: "ಸರಿಯಾಗಿ ಯೋಚಿಸಿ ಹೇಳು. ಇದರ ಮೇಲೆ ಯಾರಾದ್ರೂ ತಲೆ ಇಟ್ಟಿದಾರಾ? ತಲೆ ಇಟ್ಟಿದ್ದು ದೇವರಿಗೆ ಬರಲ್ಲ."

ಯೋಚಿಸಿದೆ. ಗಂಡ ಕೈಮುಗಿದದ್ದು ತಲೆ ಇಡುವ ಮುಂಚೆಯೋ ಇಟ್ಟ ಮೇಲೋ? ಇಡದೆ ಗಟ್ಟಿಯೆಂದು ತಿಳಿಯುವುದು ಹೇಗೆ? ಗುದ್ದಿ ನೋಡಿದರೇ? ಗುದ್ದಿದ ಸದ್ದು ನೆನಪಿಗೆ ಬಂತು. ಬಂತೋ, ನಾನೇ ತಂದುಕೊಂಡೆನೋ. "ಇಲ್ಲ ಅನ್ಸತ್ತೆ" ಎಂದೆ.

"ಅನ್ಸತ್ತೆ ಬೇಡ."

"ಇಲ್ಲ."

"ನೀವೇನಂತೀರಿ, ರೀ?" ಎಂದು ಅಮ್ಮ ತಿರುಗಿದರೆ ಅಪ್ಪ ಅಲ್ಲಿರಲಿಲ್ಲ. ಬಾಲ್ಕನಿಯಲ್ಲಿ ಬಹಳ ಶ್ರದ್ಧೆಯಿಂದ ಗಿಡಗಳಿಗೆ ನೀರು ಹಾಕುತ್ತಿದ್ದರು. ಹೊರಗೆ ಮಳೆ ಸುರಿಯುತ್ತಿತ್ತೆಂದು ನನ್ನ ನೆನಪು. ಮಳೆ ಇರಲೇ ಇಲ್ಲ ಎಂದು ಅಪ್ಪ.

ಕತ್ತರಿ ಆಡಿತು. ಒಳಗಿನ ಹತ್ತಿ ಗಟ್ಟಿಕೊಂಡಿತ್ತು, ಆದರೆ ಅಮ್ಮ ಬಿಡಿಸಿ ಎಳೆದಾಗ ಒಂದರ ಬಾಲ ಹಿಡಿದು ಇನ್ನೊಂದು ಹೊರಬಂತು. ಎಳೆದಷ್ಟೂ ಬಂತು. ಗೆಜ್ಜೆ, ಎಳೆ, ಗೆಜ್ಜೆ, ಎಳೆ. ಸೋಫಾದಿಂದಿಳಿದು ಊಟದ ಮೇಜಿನ ಕಾಲು ಸುತ್ತಿತು. ಖಾಲಿ ದಿಂಬಿಗೆ ನಾನು ಅಪ್ಪನ ಬೂರುಗದ ಹತ್ತಿ ತುಂಬಿ ಬಾಯಿ ಹೊಲಿದೆ. ನೆಲ ಗುಡಿಸಿದ್ದು ಅಪ್ಪ.

ಹಬ್ಬದ ಬೆಳಿಗ್ಗೆ ಹಾರ ಗಣಪನ ಕೊರಳಿಂದಿಳಿದು, ಹೊಟ್ಟೆಯ ಮೇಲೆ ಹಾದು ಪಾದ ಮುಟ್ಟಿತು. ಕುಂಕುಮದ ಬೊಟ್ಟಿಟ್ಟ ಗೆಜ್ಜೆಗಳನ್ನು ಮಾಮಿ ಬಗ್ಗಿ ನೋಡಿದರು. ಗಂಟು ಹುಡುಕುತ್ತಿದ್ದರೆಂದು ಅಮ್ಮ. ಸಿಗಲಿಲ್ಲ. "ಸೂಪರ್ ಮಾಮಿ!" ಎಂದವರು ಮಧ್ಯಾಹ್ನ ಕೊಳುಕ್ಕಟ್ಟೆ ಎನ್ನುವ ತಮ್ಮ ಕಡುಬು ಹಿಡಿದು ನಮ್ಮ ಮನೆಗೇ ಬಂದರು. ಅಮ್ಮ ಅವರಿಗೆ ಹೊಸೆಯುವ ಬಗೆ ತೋರಿಸುತ್ತ ಕೂತಿದ್ದಳು. ಆಗ ರೂಮಿನ ಬಾಗಿಲು ತೆರೆಯಿತು. ಅದೇ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು, ನಿದ್ದೆಗಣ್ಣಿನಲ್ಲಿ ಅಪ್ಪ.

"ಇದಕ್ಕೇನು ಮಾಡಿದೀರೇ? ತಲೆ ಪೂರ್ತಿ ಒಳಗೇ ಹೋಗತ್ತೆ. ಮೊನ್ನೆ ಮೊನ್ನೆ ಅಟ್ಟದಿಂದ ಇಳಿಸಿಕೊಂಡು ಮಲಗಿದಾಗ ಚೆನ್ನಾಗಿತ್ತಲ್ಲ!"

ಅಮ್ಮನ ಬೆರಳು ನಿಂತವು.

"ಎನ್ನ ಸೊಲ್ಲರಾರು ಮಾಮಾ?" ಎಂದು ಮಾಮಿ, ಅಪ್ಪ ಹೇಳಿದ್ದೇನೆಂದು ತಿಳಿಯದೆ, ಕೇಳಿದರು.

"ಒಣ್ಣುಮಿಲ್ಲೆ ಮಾಮಿ. ಅವರಿಗೆ ತಲೆವಲಿ" ಎಂದು ತಲೆನೋವಿನ ಮೇಲೆ ಹಾಕಿದಳು ಅಮ್ಮ, ಅಪ್ಪನಿಂದ ಕಣ್ಣು ತೆಗೆಯದೆ.

ಮಾಮಿ ಹೋದ ಮೇಲೆ ಅಮ್ಮ ಸೀದಾ ಕೆಳಗಿಳಿದಳು. ಹಾರ ತೆಗೆಯಲು ಹೋದಳೆಂದೇ ನಾನು ಹಿಂದೆ ಓಡಿದೆ. ಅವಳು ಗಣಪನ ಮುಂದೆ ನಿಂತು ಕೆನ್ನೆ ತಟ್ಟಿಕೊಂಡು ಏನೋ ಪಿಸುಗುಟ್ಟಿದಳು. ಹಾರದ ತುದಿಯನ್ನು ಪಾದದ ಮೇಲೆ ನೆಟ್ಟಗೆ ಮಾಡಿ ವಾಪಸು ಹೊರಟಳು.

"ಏನಮ್ಮಾ ಹೇಳಿದೆ?"

"ತಲೆ ಇಟ್ಟಿದ್ದು ನಿಜ, ಆದ್ರೆ ಆ ತಲೇಲಿ ಏನೂ ಇಲ್ಲ, ಹಾಗಾಗಿ ಮೈಲಿಗೆ ಅಂಟಿರಲ್ಲ ಅಂದೆ."

ಅಮ್ಮ ಹಾಗೆ ಹೇಳಲೇ ಇಲ್ಲ, ಅದು ನಾನು ಕಟ್ಟಿದ್ದು ಎನ್ನುತ್ತಾರೆ ಅಪ್ಪ. ಇರಬಹುದು. ಆದರೆ ಹಾರ ಮೂರನೆಯ ದಿನ ಗಣಪನ ಜೊತೆಗೇ ಸಮುದ್ರಕ್ಕೆ ಹೋಯಿತು. ಅಪ್ಪ ಈಗ ಮಧ್ಯಾಹ್ನ ಯಾರಿಗೂ ಹೆದರದೆ ಬೂರುಗದ ದಿಂಬಿಗೆ ತಲೆಯಿಟ್ಟು, ತುಂಬ ಮೆತ್ತಗಾಯಿತು ಎಂದು ಗೊಣಗುತ್ತಾರೆ.