ತಪ್ಪಲೆ ಹೊತ್ತು ಶಿವಾಜಿನಗರಕ್ಕೆ

ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಕಗ್ಗದಾಸಪುರದ ಮನೆಯಿಂದ ನಾವು ಮೂವರು ಹೊರಟೆವು. ನಾನು, ಎಂಟು ವರ್ಷದ ಮಗ ಸುಹಾಸ, ಐದು ವರ್ಷದ ಮಗಳು ಇಂಚರ. ಜೊತೆಗೆ ಒಂದು ಹಿತ್ತಾಳೆ ತಪ್ಪಲೆ. ಹೋಗಬೇಕಾದ ಊರು ಶಿವಾಜಿನಗರ. ದೂರ ಹತ್ತು ಹನ್ನೆರಡು ಕಿಲೋಮೀಟರ್ ಇರಬಹುದು. ಇಷ್ಟಕ್ಕೂ ಒಂದು ಪ್ರವಾಸ ಕಥನವೇ ಎಂದು ನಗುವವರು ದಸರಾ ರಜೆಯಲ್ಲಿ ಎರಡು ಮಕ್ಕಳನ್ನೂ ಒಂದು ತಪ್ಪಲೆಯನ್ನೂ ಕಟ್ಟಿಕೊಂಡು ಒಮ್ಮೆ ಹೋಗಿ ಬರಲಿ. ಆಮೇಲೆ ನಗಲಿ.

ತಪ್ಪಲೆ ನನ್ನ ಹೆಂಡತಿ ಸುಮಾಳ ಅಜ್ಜಿಯದು. ಸಾರು ಎಂದರೆ ಅದರಲ್ಲಿ ಕುದಿದದ್ದೇ ಸಾರು, ಉಳಿದದ್ದೆಲ್ಲ ಬಿಸಿನೀರು ಎಂಬುದು ಅವಳ ಖಚಿತ ಅಭಿಪ್ರಾಯ. ಒಳಗಿನ ಕಲಾಯಿ ಸವೆದುಹೋಗಿದ್ದರಿಂದ ಅದು ಎರಡು ವರ್ಷ ಅಟ್ಟ ಸೇರಿತ್ತು. ಕಲಾಯಿ ಇಲ್ಲದ ಹಿತ್ತಾಳೆಗೆ ಹುಣಸೆಹುಳಿ ಬಿದ್ದರೆ ಅಡುಗೆ ಕಿಲುಬಾಗುತ್ತದೆ. ದೀಪಾವಳಿಗೆ ಮುಂಚೆ ಮಾಡಿಸಿಕೊಂಡು ಬನ್ನಿ ಎಂದು ಸುಮಾ ಹೇಳಿದ್ದಳು. ಅವಳು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಜ್ವರಕ್ಕೆ ದಸರಾ ರಜೆ ಇಲ್ಲವಾದ್ದರಿಂದ ಅವಳಿಗೂ ಇರಲಿಲ್ಲ. ನನಗೆ ಮೂರು ದಿನ ರಜೆ ಉಳಿದಿತ್ತು.

ಆದರೆ ನಾನು ಹೊರಟದ್ದು ಬರೀ ಕಲಾಯಿಗಾಗಿ ಎಂದರೆ ಸುಳ್ಳಾಗುತ್ತದೆ. ನಾನು ವಿಮಾ ಕಚೇರಿಯ ನೌಕರ. ಎರಡೂವರೆ ವರ್ಷ ಯಾದಗಿರಿಯಲ್ಲಿದ್ದೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಬೆಳಿಗ್ಗೆ ಮನೆಗೆ ಬರುವುದು, ಭಾನುವಾರ ಸಂಜೆ ಬ್ಯಾಗು ಹೆಗಲಿಗೇರಿಸುವುದು. ಹೋದ ತಿಂಗಳು ವರ್ಗವಾಗಿ ಬೆಂಗಳೂರಿಗೇ ಬಂದೆ. ನಾನು ಬಂದಿದ್ದೇನೆಂದು ಎಲ್ಲರೂ ಒಪ್ಪಿಕೊಂಡರು, ಇಂಚರ ಒಬ್ಬಳನ್ನು ಬಿಟ್ಟು. ಅವಳ ಪಾಲಿಗೆ ನಾನು ಇನ್ನೂ ನೆಂಟ. ಕಚೇರಿಯಿಂದ ಬಂದ ಕೂಡಲೇ ಸ್ಟೀಲ್ ಲೋಟದಲ್ಲಿ ನೀರು ತಂದುಕೊಡುತ್ತಾಳೆ. ಫ್ಯಾನು ಹಾಕುತ್ತಾಳೆ. ಟವೆಲ್ ಎಲ್ಲಿದೆಯೆಂದು ತೋರಿಸುತ್ತಾಳೆ. ಬಂದ ಮೊದಲ ಭಾನುವಾರ ಸಂಜೆಯಂತೂ ನನ್ನ ಬ್ಯಾಗನ್ನು ಕೋಣೆಯಿಂದ ದರದರ ಎಳೆದು ತಂದು ಬಾಗಿಲ ಬಳಿ ಇಟ್ಟು, "ಅಪ್ಪ, ಬಸ್ಸಿಗೆ ಟೈಮ್ ಆಯ್ತು" ಎಂದಳು. ನಾನು ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಇದೇ ಹುಡುಗಿ ಅಮ್ಮನ ಮುಂದೆ ಬೇರೆಯೇ ಅವತಾರ. ಜಡೆಯ ರಬ್ಬರ್ ಬ್ಯಾಂಡು ಹಸಿರಿರಬೇಕಿತ್ತು, ನೀಲಿಯಾಯಿತು ಎಂದು ನೆಲಕ್ಕೆ ಬಿದ್ದು ಅರ್ಧ ಗಂಟೆ ಉರುಳಾಡುತ್ತಾಳೆ. ನಾನು ಕೋಣೆಗೆ ಕಾಲಿಟ್ಟರೆ ಸಾಕು, ಅಳು ನಿಂತು, ಕಣ್ಣೊರೆಸಿಕೊಂಡು ನೆಟ್ಟಗೆ ಕೂರುತ್ತಾಳೆ. ಸುಮಾ ಅವಳನ್ನು "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಬೈಯುತ್ತಾಳೆ. ಯೋಚಿಸಿದರೆ ಅವಳ ಪಟ್ಟಿಯಲ್ಲಿ ನಾನು ಊರಿನ ಕಡೆಗಿದ್ದೆ. ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದೂ ಮಗಳ ರಂಪಾಟಕ್ಕೆ. ಈ ಒಂದು ದಿನದಲ್ಲಾದರೂ ನೆಂಟಸ್ತಿಕೆ ಮುಗಿಸಿ ಅಪ್ಪನಾಗಬೇಕು ಎಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿಕೊಂಡು ತಪ್ಪಲೆಯನ್ನು ಬಟ್ಟೆ ಚೀಲಕ್ಕೆ ಇಳಿಸಿದೆ.

ಮೊದಲ ತಂಗುದಾಣ ರೈಲ್ವೆ ಗೇಟು. ತಂಗುದಾಣ ಎಂಬುದು ನಮ್ಮ ಆಯ್ಕೆಯಲ್ಲ, ಗೇಟು ಹಾಕಿತ್ತು. ಆಟೋದಲ್ಲಿ ಹದಿನಾಲ್ಕು ನಿಮಿಷ ಕೂತೆವು. ರೈಲು ಬಂದಾಗ ಸುಹಾಸ ಡಬ್ಬಿ ಎಣಿಸಿದ, ಇಪ್ಪತ್ತೆರಡು. ಗೇಟಿನ ಬಳಿ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಮಾರುತ್ತಿದ್ದರು. ಬೇಕಾ ಎಂದು ಇಂಚರಳನ್ನು ಕೇಳಿದೆ. ಅವಳು ಅಣ್ಣನ ಮುಖ ನೋಡಿದಳು, ಆಮೇಲೆ ಬಹಳ ವಿನಯದಿಂದ "ಬೇಡ" ಎಂದಳು. ಕಣ್ಣು ಮಾತ್ರ ಸೌತೆಕಾಯಿಯ ಮೇಲೇ ಇತ್ತು. ಮನೆಗೆ ಬಂದವರ ಹತ್ತಿರ ಏನೂ ಕೇಳಬಾರದು, ಕೊಟ್ಟರೂ ಮೊದಲು ಬೇಡ ಅನ್ನಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದಾಳೆಂದು ಸುಹಾಸ ವಿವರಿಸಿದ. ಒಳ್ಳೆಯ ಪಾಠವೇ. ನಮ್ಮಮ್ಮನೂ ನನಗೆ ಇದನ್ನೇ ತೊಡೆ ಚಿವುಟಿ ಕಲಿಸಿದ್ದಳು.

ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣಕ್ಕೆ ಆಟೋದವನು ನೂರಿಪ್ಪತ್ತು ತೆಗೆದುಕೊಂಡ. ಮೂರಡಿ ದಾಟಿದ ಮಕ್ಕಳಿಗೆ ಮೆಟ್ರೋದಲ್ಲಿ ಪೂರ್ತಿ ಟಿಕೆಟ್. ಇಂಚರ ದಾಟಿದ್ದಳು. ತನಗೂ ಒಂದು ಟೋಕನ್ ಸಿಕ್ಕಿತೆಂದು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಸಾಮಾನು ತಪಾಸಣೆಯ ಯಂತ್ರಕ್ಕೆ ತಪ್ಪಲೆ ಹೋಗುವಾಗ ಪರದೆ ನೋಡುತ್ತಿದ್ದ ಹುಡುಗಿ ಕತ್ತು ಚಾಚಿ, ಏನ್ ಸರ್ ಇದು ಎಂದಳು. ಸಾರಿನ ತಪ್ಪಲೆ ಎಂದೆ. ಅವಳು ತನ್ನ ಪಕ್ಕದವಳನ್ನೂ ಕರೆದು ತೋರಿಸಿದಳು. ರಬ್ಬರ್ ಪರದೆಯ ಸಂದಿನಿಂದ ಚೀಲ ಹೊರಬರುವುದನ್ನು ಇಂಚರ ಬಾಯಿಬಿಟ್ಟು ನೋಡಿದಳು. ನೀನೇ ತಗೋತೀಯಾ ಎಂದು ಕೇಳಿದೆ. ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟವಳು ಹಿಂದೆ ಸರಿದು, "ಬೇಡ, ನೀವೇ ತಗೊಳ್ಳಿ" ಎಂದಳು.

ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಇಂದಿರಾನಗರ ಬರುವಷ್ಟರಲ್ಲಿ ಸುಹಾಸ ಮನೆಗಳ ತಾರಸಿಯ ನೀರಿನ ಟ್ಯಾಂಕುಗಳಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಎಂದು ಎಣಿಸಿ ಸುಸ್ತಾಗಿದ್ದ. ಹಲಸೂರಿನಲ್ಲಿ ಇಳಿದೆವು. ಎಂ.ಜಿ. ರಸ್ತೆಯಲ್ಲಿ ಇಳಿದು ಶಿವಾಜಿನಗರಕ್ಕೆ ನೇರ ಹೋಗಬಹುದಿತ್ತು; ಕೆರೆ ತೋರಿಸಿ, ಮಗಳನ್ನು ಒಲಿಸಿಕೊಳ್ಳುವ ದುರಾಲೋಚನೆ ನನ್ನದು. ನಿಲ್ದಾಣದಿಂದ ಕೆರೆಗೆ ಒಂದೂವರೆ ಕಿಲೋಮೀಟರ್. ಅರ್ಧ ದಾರಿಯಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಒಂದೇ ಛತ್ರಿ, ಮೂರು ತಲೆ. ಸುಹಾಸ ತಪ್ಪಲೆಯನ್ನು ತಲೆಗೆ ಬೋರಲು ಹಾಕಿಕೊಂಡು ತನ್ನ ಸಮಸ್ಯೆ ಬಗೆಹರಿಸಿಕೊಂಡ.

ಕೆರೆಯಂಚಿನ ಬೆಂಚು ಒರೆಸಿ ಕೂತು ಡಬ್ಬಿಯ ಚಿತ್ರಾನ್ನ ತಿಂದೆವು. ನೀರಿನಲ್ಲಿ ಮುಳುಗಿ ಏಳುವ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಬಿಸಿಲಿಗಾಗಿ ಕಾಯುತ್ತಿದ್ದವು. ಇಂಚರ ಚಿತ್ರಾನ್ನದಲ್ಲಿ ಒಂದು ಕಡಲೆಬೀಜವನ್ನೂ ಬಿಡದೆ ತಿಂದು, "ಚೆನ್ನಾಗಿತ್ತು" ಎಂದಳು. ಮನೆಯಲ್ಲಿ ಕರಿಬೇವು ಕಂಡರೆ ತಟ್ಟೆ ತಳ್ಳುವ ಹುಡುಗಿ ಅಂದು ಕರಿಬೇವನ್ನೂ ಅಗಿದಿದ್ದಳು. ಚಿತ್ರಾನ್ನ ಮಾಡಿದವನು ನಾನೇ, ಉಪ್ಪು ಹೆಚ್ಚಾಗಿತ್ತು.

ಅಲ್ಲಿಂದ ಬಸ್ಸು. ಕಂಡಕ್ಟರ್ ನನಗೊಂದು ಟಿಕೆಟ್, ಸುಹಾಸನಿಗೆ ಅರ್ಧ ಟಿಕೆಟ್ ಹರಿದುಕೊಟ್ಟು, ಪಾಪುಗೆ ಬೇಡ ಎಂದ. ಮೆಟ್ರೋ ಪೂರ್ತಿ ಮನುಷ್ಯಳೆಂದು ಒಪ್ಪಿದ್ದವಳನ್ನು ಬಸ್ಸು ಲೆಕ್ಕಕ್ಕೇ ಇಡಲಿಲ್ಲ. ಅವಳ ಕೆಳತುಟಿ ಸ್ವಲ್ಪ ನಡುಗಿತು. ಈಗ ಅಳುತ್ತಾಳೆ ಎಂದು ನಾನು ಕಾದೆ. ಅವಳು ನನ್ನ ಕಡೆ ನೋಡಿ ತುಟಿ ಒಳಗೆಳೆದುಕೊಂಡಳು.

ಶಿವಾಜಿನಗರದಲ್ಲಿ ಕಲಾಯಿ ಅಂಗಡಿ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಸುಮಾ ಹೇಳಿದ್ದ ಗಲ್ಲಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಿದ್ದರು. ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗುವವನಿದ್ದೆ. ಹೂವಿನ ಬುಟ್ಟಿಯ ಮುಂದೆ ಕೂತಿದ್ದ ತಮಿಳು ಹೆಂಗಸೊಬ್ಬಳು ತಪ್ಪಲೆ ನೋಡಿಯೇ ವಿಷಯ ತಿಳಿದು, ಮಾಂಸದಂಗಡಿ ದಾಟಿ ಎಡಕ್ಕೆ ಎಂದು ಕೈ ತೋರಿಸಿದಳು.

ಅಂಗಡಿ ಎಂದರೆ ಎರಡು ಬಾಗಿಲಷ್ಟು ಜಾಗ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಇದ್ದಿಲು, ಪಕ್ಕದಲ್ಲಿ ಗಾಳಿ ಊದುವ ಸಣ್ಣ ಯಂತ್ರ. ಕೂತಿದ್ದವರು ಎಪ್ಪತ್ತರ ಹತ್ತಿರದ ಬಾಷಾ ಭಾಯಿ. ತಪ್ಪಲೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, ಹಳೇ ಮಾಲು, ಗಟ್ಟಿ ಇದೆ ಎಂದರು. ಇನ್ನೂರೈವತ್ತು ಹೇಳಿದರು, ನಾನು ಚೌಕಾಸಿ ಮಾಡಲಿಲ್ಲ. ಮಕ್ಕಳಿಗೆಂದು ಒಂದು ಮಣೆ ಒರೆಸಿ ಹಾಕಿದರು. ಚಹಾ ತರಿಸಿ, ತಟ್ಟೆಯಲ್ಲಿ ನಾಲ್ಕು ಉಸ್ಮಾನಿಯಾ ಬಿಸ್ಕತ್ತು ಇಟ್ಟು ಇಂಚರಳ ಮುಂದೆ ಹಿಡಿದರು. ಅವಳು ಅಭ್ಯಾಸದಂತೆ ಬೇಡ ಎಂದಳು. ಸುಹಾಸ ಅಮ್ಮನ ಪಾಠವನ್ನು ಅವರಿಗೂ ವಿವರಿಸಿದ.

ಬಾಷಾ ಭಾಯಿ ತಟ್ಟೆ ಹಿಂದಕ್ಕೆ ತೆಗೆಯಲಿಲ್ಲ. "ನಿಮ್ ಮನೇಗೆ ನಾನು ಬಂದ್ರೆ ನೀನು ಬೇಡ ಅನ್ನು, ಸರಿ. ಇದು ನನ್ ಜಾಗ ಬೇಟಾ. ಇಲ್ಲಿ ನೀನೇ ಮೆಹಮಾನ್, ನೆಂಟ್ರು. ಮೆಹಮಾನ್ ತಿನ್ಲೇಬೇಕು."

ಇಂಚರ ಇದನ್ನು ಕೆಲಹೊತ್ತು ಯೋಚಿಸಿದಳು. ನಂತರ ಒಂದಲ್ಲ, ಎರಡು ಬಿಸ್ಕತ್ತು ತೆಗೆದುಕೊಂಡಳು. ಅಲ್ಲಿಂದ ಶುರುವಾಯಿತು ಪ್ರಶ್ನೆಗಳ ಸುರಿಮಳೆ. ಬೆಂಕಿ ಯಾಕೆ ನೀಲಿ, ಆ ಬಿಳಿ ಪುಡಿ ಸಕ್ಕರೆಯಾ, ಹತ್ತಿಗೆ ಬೆಂಕಿ ಹತ್ತಲ್ವಾ. ಪುಡಿ ಕಲಾಯಿ ಹಿಡಿಯಲು ಹಾಕುವ ನವಸಾಗರ, ಬಾಯಿಗೆ ಹಾಕಿಕೊಳ್ಳಬಾರದು ಎಂದು ಅವರು ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರು. ಕಾದ ತಪ್ಪಲೆಗೆ ಪುಡಿ ಉದುರಿಸಿದಾಗ ಬಿಳಿ ಹೊಗೆ ಎದ್ದು ಮೂವರೂ ಕೆಮ್ಮಿದೆವು. ತವರದ ಕಡ್ಡಿಯನ್ನು ಒಳಗೆ ಒಂದು ಸುತ್ತು ಎಳೆದು, ಹತ್ತಿಯಿಂದ ಸರಕ್ಕನೆ ಒರೆಸಿದರು. ಕಪ್ಪಗಿದ್ದ ತಳ ಕ್ಷಣದಲ್ಲಿ ಬೆಳ್ಳಿಯಂತಾಯಿತು. ಸುಹಾಸ ಚಪ್ಪಾಳೆ ತಟ್ಟಿದ. ನಾನು ಈಗ ಹೆಂಡತಿಯ ಜೊತೆಗೆ ಬಾಷಾ ಭಾಯಿಯ ಮೇಲೂ ಹೊಟ್ಟೆಕಿಚ್ಚುಪಡುತ್ತಾ ಚಹಾ ಮುಗಿಸಿದೆ.

ತಪ್ಪಲೆಯನ್ನು ನೀರಿನಲ್ಲಿ ಅದ್ದಿ, ಒರೆಸಿ, ಅವರು ಅದನ್ನು ನನ್ನ ಕೈಗೆ ಕೊಡಲಿಲ್ಲ. ಇಂಚರಳ ತೊಡೆಯ ಮೇಲೆ ಇಟ್ಟರು. ಮನೆಗೆ ಮುಟ್ಟಿಸೋ ಕೆಲಸ ನಿನ್ನದು ಎಂದರು. ಅವಳು ಗಂಭೀರವಾಗಿ ತಲೆಯಾಡಿಸಿದಳು. ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದವರೆಗೆ ಆಟೋದಲ್ಲಿ ತಪ್ಪಲೆ ಅವಳ ತೊಡೆಯ ಮೇಲೇ ಇತ್ತು. ಒಳಗೆ ಇಣುಕಿ ತನ್ನ ಮುಖ ನೋಡಿಕೊಳ್ಳುವುದು, ನಗುವುದು, ಮತ್ತೆ ಇಣುಕುವುದು.

ನಿಲ್ದಾಣದಲ್ಲಿ ಸಂಜೆಯ ಜನ ಸೇರಲು ಶುರುವಾಗಿತ್ತು. ಇಂಚರ ತಾನೇ ತಪ್ಪಲೆಯನ್ನು ಯಂತ್ರದ ಪಟ್ಟಿಯ ಮೇಲಿಟ್ಟು, ತಪಾಸಣೆ ಮುಗಿಸಿ, ಆ ಕಡೆಗೆ ಓಡಿದಳು. ತಪ್ಪಲೆ ಹೊರಬಂತು. ಹಿಂದೆ ಜನ ಒತ್ತುತ್ತಿದ್ದರು. ಎರಡೂವರೆ ವರ್ಷ ಬಸ್ ನಿಲ್ದಾಣಗಳಲ್ಲಿ ಓಡಾಡಿದ ಕೈ ನನ್ನದು, ತಡೆಯಲಿಲ್ಲ. ಅವಳ ತಲೆಯ ಮೇಲಿಂದ ಚಾಚಿ ತಪ್ಪಲೆ ಎತ್ತಿಕೊಂಡೆ.

ಇಂಚರ ತನ್ನ ಖಾಲಿ ಕೈ ನೋಡಿಕೊಂಡಳು. ನನ್ನನ್ನು ನೋಡಿದಳು. "ನಾನು ತಗೋಬೇಕಿತ್ತು" ಎಂದಳು. ತಗೋ ಎಂದು ಕೊಟ್ಟೆ. ನಿಮ್ಮ ಕೈಯಿಂದ ಅಲ್ಲ, ಅಲ್ಲಿಂದ ತಗೋಬೇಕಿತ್ತು ಎಂದಳು. ಮುಂದಿನ ಸಲ ತಗೊಳ್ಳುವೆಯಂತೆ ಎಂದೆ. ಅಷ್ಟೇ, ಎಂ.ಜಿ. ರಸ್ತೆ ನಿಲ್ದಾಣದ ಹೊಳೆಯುವ ನೆಲದ ಮೇಲೆ ನನ್ನ ಮಗಳು ಉದ್ದಕ್ಕೆ ಮಲಗಿದಳು. ಕಾಲು ಬಡಿದಳು. ಚಪ್ಪಲಿ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಹೋಯಿತು. ಅವಳ ಕೂಗಿಗೆ ಟಿಕೆಟ್ ಸಾಲಿನವರೆಲ್ಲ ತಿರುಗಿ ನೋಡಿದರು. ನಾಚಿಕೆ, ಗಾಬರಿ ಎರಡೂ ಒಟ್ಟಿಗೆ ಆಗಿ, ಬಿಸ್ಕತ್ತು, ಐಸ್‌ಕ್ರೀಮು, ಇನ್ನೇನೋ ಎಂದು ತೊದಲುತ್ತಿದ್ದೆ. ಸುಹಾಸ ಚಪ್ಪಲಿಗಳನ್ನು ಆರಿಸಿಕೊಂಡು ಬಂದು ನನ್ನ ತೋಳು ಹಿಡಿದ.

"ಅಪ್ಪ, ಈಗ ಏನೂ ಹೇಳ್ಬೇಡಿ. ಹೀಗಾದ್ರೆ ಅಮ್ಮ ಪಕ್ಕದಲ್ಲಿ ಸುಮ್ನೆ ಕೂತ್ಕೋತಾಳೆ."

ಕೂತೆ. ಇಸ್ತ್ರಿ ಪ್ಯಾಂಟಿನಲ್ಲಿ, ನೆಲದ ಮೇಲೆ, ತಪ್ಪಲೆಯ ಸಮೇತ. ಆಗ ಹೊಳೆಯಿತು: ನಾನು ಪಕ್ಕದಲ್ಲೇ ಇದ್ದೇನೆ, ಇವಳು ಅಳು ನಿಲ್ಲಿಸಿಲ್ಲ. ನನ್ನನ್ನು ನೋಡಿಕೊಂಡೇ ಅಳುತ್ತಿದ್ದಾಳೆ. ನನ್ನ ತೊಡೆಗೇ ಎರಡು ಒದೆ ಬಿದ್ದವು. ಸಂತೋಷಕ್ಕೆ ನನ್ನ ಕಣ್ಣೂ ತುಂಬಿತು, ನೋಡಿದವರು ಏನೆಂದುಕೊಂಡರೋ.

ಸಾಲು ತೆಳುವಾದಾಗ ತಪಾಸಣೆಯ ಹೆಂಗಸು ಬಗ್ಗಿ, "ಇನ್ನೊಂದ್ಸಲ ಹಾಕಿ ಸರ್. ನಮ್ಮನೇಲೂ ಒಬ್ಳಿದ್ದಾಳೆ" ಎಂದಳು. ತಪ್ಪಲೆ ಎರಡನೇ ಸಲ ಯಂತ್ರದೊಳಗೆ ಹೋಯಿತು. ಅಪ್ಪ ನೋಡಬಾರದು ಎಂಬ ಹೊಸ ಷರತ್ತು ಬಂತು. ನಾನು ಗೋಡೆ ಕಡೆ ತಿರುಗಿ ನಿಂತೆ. ಹಿಂದಿನಿಂದ ಬಿಕ್ಕಳಿಕೆ ಕಡಿಮೆಯಾಗುವುದು, ತಪ್ಪಲೆ ಎತ್ತಿಕೊಂಡ ಸದ್ದು, ಪುಟ್ಟ ಹೆಜ್ಜೆಗಳು ಕೇಳಿಸಿದವು.

ರೈಲಿನಲ್ಲಿ ಎದುರು ಕೂತ ವಯಸ್ಸಾದ ಹೆಂಗಸೊಬ್ಬರು ಎಲ್ಲವನ್ನೂ ನೋಡಿದ್ದರು. ಮಗಳಿಗೆ ತುಂಬಾ ಹಠ ಅಲ್ವಾ ಎಂದು ಅನುಕಂಪದಿಂದ ಕೇಳಿದರು. ಹೌದಮ್ಮ, ತುಂಬಾ ಎಂದೆ. ನನ್ನ ದನಿಯಲ್ಲಿದ್ದ ಹೆಮ್ಮೆ ಅವರಿಗೆ ಅರ್ಥವಾಗದೆ ಕಿಟಕಿಯ ಕಡೆ ತಿರುಗಿದರು. ಇಂದಿರಾನಗರ ದಾಟುವಾಗ ಮೋಡ ಸರಿದು ಇಳಿಬಿಸಿಲು ಬಂದಿತ್ತು. ಬೈಯಪ್ಪನಹಳ್ಳಿಯಿಂದ ಆಟೋ ಹತ್ತಿದ ಎರಡೇ ನಿಮಿಷಕ್ಕೆ ಇಂಚರ ತಪ್ಪಲೆ ತಬ್ಬಿಕೊಂಡು ನನ್ನ ಮೇಲೆ ಒರಗಿ ನಿದ್ದೆಹೋದಳು. ಗೇಟು ಮತ್ತೆ ಹಾಕಿತ್ತು. ಸುಹಾಸ ಡಬ್ಬಿ ಎಣಿಸಿದ, ನಾನು ಅಲುಗಾಡದೆ ಕೂತೆ.

ಆರೂವರೆಗೆ ಸುಮಾ ಬಂದಳು. ಎದ್ದಿದ್ದ ಇಂಚರ ಬಾಗಿಲಲ್ಲೇ ಅವಳನ್ನು ಹಿಡಿದು ತಪ್ಪಲೆ ತೋರಿಸಿ, ದೂರು ಹೇಳಿದಳು: ಅಪ್ಪನಿಗೆ ಏನೂ ಗೊತ್ತಾಗಲ್ಲ, ನಾನು ತಗೋಬೇಕಿತ್ತು, ಅವರೇ ತಗೊಂಡ್ಬಿಟ್ರು. ಸುಮಾ ಗಾಬರಿಯಿಂದ ನನ್ನ ಮುಖ ನೋಡಿ, "ಹಠ ಮಾಡಿದ್ಲೇನ್ರೀ?" ಎಂದಳು. ಪೂರ್ತಿ ಮಾಡಿದಳು, ಏನೂ ಉಳಿಸಿಕೊಳ್ಳಲಿಲ್ಲ ಎಂದೆ.

ದಿನವಿಡೀ ಓಡಾಡಿ ಬಾಯಿ ಒಣಗಿತ್ತು. ಕುರ್ಚಿಯಲ್ಲಿ ಕೂತು, ಇಂಚರಾ, ಒಂದು ಲೋಟ ನೀರು ಕೊಡಮ್ಮಾ ಎಂದೆ. ಅವಳು ನೆಲದ ಮೇಲೆ ಕೂತು ತಪ್ಪಲೆಯೊಳಗೆ ಮುಖವಿಟ್ಟು ಹಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅಡುಗೆಮನೇಲಿದೆ. ನೀವೇ ತಗೊಳ್ಳಿ."

ಎದ್ದು ಹೋಗಿ ನಾನೇ ಬಗ್ಗಿಸಿಕೊಂಡು ಎರಡು ಲೋಟ ಕುಡಿದೆ.