ರೊಟ್ಟಿ ಸವರಿ ಗುರುತು ಹಿಡಿದ ಅಜ್ಜಿ

ಬೆಳಿಗ್ಗೆ ಬಾಳೆಎಲೆಯ ಮೇಲೆ ಅಕ್ಕಿರೊಟ್ಟಿ ತಟ್ಟುತ್ತಾ, ಮೆಸೇಜು ನೋಡೋಣವೆಂದು ಫೋನಿಗೆ ಬೆರಳೊತ್ತಿದೆ. ತೆರೆಯಲೇ ಇಲ್ಲ. ಬೆರಳ ಗೆರೆಗಳ ಉಬ್ಬುತಗ್ಗನ್ನು ಅದು ಮೊದಲೇ ಇಟ್ಟುಕೊಂಡ ಗುರುತಿನ ಜೊತೆ ಹೋಲಿಸುತ್ತದಂತೆ. ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದ ‘ಕಂಪೇರ್ ಅಂಡ್ ಕಾಂಟ್ರಾಸ್ಟ್’, ಅಥವಾ ಅಂಥದ್ದೇನೋ. ಗೆರೆಯೊಳಗೆಲ್ಲ ಹಿಟ್ಟು ಮೆತ್ತಿಕೊಂಡರೆ ಪಾಪ ಅದಾದರೂ ಏನು ಮಾಡೀತು!

ಯಸಳೂರಿನ ನಮ್ಮ ಮನೆಯಲ್ಲಿ ಬೆರಳ ಗುರುತು ಹಿಡಿಯುವ ಕೆಲಸ ಅಜ್ಜಿಯದು. ಕಣ್ಣಿಗೆ ಪೊರೆ ಬಂದಿತ್ತು. ಆದರೂ ರೊಟ್ಟಿಯ ಮೇಲಿನ ಬೆರಳ ಕುಳಿಗಳನ್ನು ಸವರಿಯೇ ತಟ್ಟಿದವರು ಯಾರೆಂದು ಹೇಳುತ್ತಿದ್ದಳು. ಒಮ್ಮೆ ಅವ್ವನ ಮೇಲೆ ಮುನಿಸಿಕೊಂಡು, “ಅವಳ್ ತಟ್ಟಿದ್ದು ನಂಗ್ ಬ್ಯಾಡ” ಎಂದು ಎರಡು ದಿನ ಬರೀ ಕಾಫಿಯಲ್ಲೇ ಕಳೆದಳು. ಮುದುಕಿಗೆ ಏನಾದರೂ ಆದೀತೆಂದು ಅವ್ವನಿಗೆ ಹೆದರಿಕೆಯಾಯಿತು. ಮೂರನೆಯ ಬೆಳಿಗ್ಗೆ ಅವ್ವ ತಾನೇ ಹಿಟ್ಟು ನಾದಿ, ತಟ್ಟಲು ನನ್ನನ್ನು ಕೂರಿಸಿದಳು.

“ನೀನ್ ತಟ್ಟು ಮಗ, ಅವ್ರಿಗ್ ಗೊತ್ತಾಗಲ್ಲ.”

ತಟ್ಟಿದೆ. ಬೇಯಿಸಿದ್ದನ್ನು ನಾನೇ ಒಯ್ದು ಅಜ್ಜಿಯ ಮುಂದಿಟ್ಟೆ. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಜ್ಜಿ ರೊಟ್ಟಿಯನ್ನು ನಿಧಾನವಾಗಿ ಸವರಿ, ಒಂದು ಚೂರು ಮುರಿದು ಬಾಯಿಗಿಟ್ಟಳು.

“ಬೆರಳು ನಿಂದು ಕಣ್ಲಾ. ಹಿಟ್ಟಿನ ಹದ ನಿಮ್ಮವ್ವಂದು. ಕಣ್ ಹೋದ್ರೆ ನಾಲ್ಗೆನೂ ಹೋಗ್ಬುಡ್ತದಾ?”

ಅಜ್ಜಿ ಇನ್ನೊಂದು ಚೂರು ಮುರಿದಳು.

“ಇನ್ನೊಂದ್ ತಟ್ಟಕ್ಕೇಳು. ಅವಳೇ ತಟ್ಲಿ. ನಿಂದು ಒಂದ್ ಕಡೆ ದಪ್ಪ ಐತೆ.”

ಬಾಗಿಲ ಮರೆಯಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಈಗಲೂ ನನ್ನದು ಒಂದು ಕಡೆ ದಪ್ಪವೇ. ನನ್ನವಳು ಹೋದ ಮೇಲೆ ತಟ್ಟುವವನೂ ನಾನೇ, ತಿನ್ನುವವನೂ ನಾನೇ. ಹಾಗಾಗಿ ನೋ ಕಂಪ್ಲೇಂಟ್ಸ್.