ಮೂರು ಬೊಟ್ಟಿನ ಪೈಪು

ಬೆಳಗಿನ ಆರು ಗಂಟೆ. ಪಾಂಡವಪುರ ರೈಲ್ವೆ ನಿಲ್ದಾಣದ ರಸ್ತೆಯ ತಗಡಿನ ಶೆಡ್ಡಿನ ಮುಂದೆ, ಕಬ್ಬಿನ ಲಾರಿಯ ಅಡಿಗೆ ಗೋಣಿತಾಟು ಹಾಸಿಕೊಂಡು ವೆಲ್ಡರ್ ಕುಳ್ಳಯ್ಯ ಮಲಗಿದ್ದಾರೆ. ಗ್ಯಾಸ್ ಕಟರಿನ ನೀಲಿ ಉರಿ ಲಾರಿಯ ಹೊಗೆಪೈಪನ್ನು ಕತ್ತರಿಸುತ್ತಿದೆ. ಹೋದ ವರ್ಷ, ತೊಂಬತ್ತಾರರಲ್ಲಿ, ಆ ಪೈಪು ಕೂರಿಸಿದ್ದೂ ಇದೇ ಕೈ.

"ಬಿರ್ರನೆ ಮುಗ್ಸ್ಲಾ, ಅತ್ತು ಗಂಟೆಗೆ ಸರ್ವೀಸಿಗೆ ಬುಡ್ಬೇಕು," ಎನ್ನುತ್ತಾರೆ ಲಾರಿ ಮಾಲೀಕ, ದೇವಲಾಪುರದ ತಿಮ್ಮರಾಜು.

"ಆಕ್ಸಕ್ಕೆ ನೀನೇ ಮೂರು ದಿನ ಕಾದಿದ್ದೆ. ಕೀಳಕ್ಕೆ ಅರ್ಧ ಗಂಟೆ ತಡ್ಕಳಕ್ಕಾಗಲ್ವೇನ್ಲಾ?"

ಕುಳ್ಳಯ್ಯನವರಿಗೆ ಐವತ್ತೆರಡು ವರ್ಷ, ಓದಿದ್ದು ನಾಲ್ಕನೇ ತರಗತಿ. ಕಂಪನಿ ಲಾರಿಯ ಸೈಲೆನ್ಸರ್ ನೆಲದ ಹತ್ತಿರ ಇರುತ್ತದೆ. ಗದ್ದೆಗಿಳಿದರೆ ಅದರ ಕಾವಿಗೆ ಕಬ್ಬಿನ ಒಣ ತರಗು ಹೊತ್ತಿಕೊಳ್ಳುತ್ತದೆ. ಇಂಜಿನ್ ಗಾಳಿ ಎಳೆಯುವ ಬಾಯಿಯೂ ತಗ್ಗಿನಲ್ಲೇ, ಧೂಳಿನಲ್ಲೇ. ಕುಳ್ಳಯ್ಯ ಸೈಲೆನ್ಸರ್ ತೆಗೆದು, ಹೊಗೆಗೂ ಗಾಳಿಗೂ ಪೈಪು ಕೂರಿಸಿ, ಎರಡರ ಬಾಯನ್ನೂ ಕ್ಯಾಬಿನ್ನಿನ ನೆತ್ತಿಗೆ ಏರಿಸಿದರು. ಏಳು ವರ್ಷದಲ್ಲಿ ಐನೂರಕ್ಕೂ ಮೇಲೆ ಲಾರಿ. ಒಂದಕ್ಕೂ ಗದ್ದೆಯಲ್ಲಿ ಬೆಂಕಿ ತಗುಲಿಲ್ಲ. ಕೆಲಸ ಮುಗಿದ ಮೇಲೆ ಪೈಪಿಗೂ ಅದನ್ನು ಹಿಡಿದಿಡುವ ಪಟ್ಟಿಗೂ ವೆಲ್ಡಿಂಗಿನಲ್ಲೇ ಮೂರು ಬೊಟ್ಟು ಇಡುವುದು ಅವರ ರೂಢಿ.

ಆ ಬೊಟ್ಟೇ ಈಗ ಅವರ ಅನ್ನಕ್ಕೆ ಕಲ್ಲು ಹಾಕಿದೆ.

ಸಂತೆಬಾಚಹಳ್ಳಿಯ ಹೊನ್ನಪ್ಪನವರ ಎಂಟು ತಿಂಗಳ ಹೊಸ ಲಾರಿಯ ಇಂಜಿನ್ ಒಂದು ದಿನ ಹಿಡಿದುಕೊಂಡು ನಿಂತೇಹೋಯಿತು. ಷೋರೂಮಿನ ಇಂಜಿನಿಯರ್ ಬಂದರು, ಪೈಪು ನೋಡಿದರು. "ಕಂಡವರ ಕೈಲಿ ಮಾಡಿಸಿದ್ದೀರಿ, ವಾರಂಟಿ ಇಲ್ಲ" ಎಂದು ಬರೆದುಕೊಟ್ಟು ಹೋದರು. ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ನಾಡಿ ಮುಟ್ಟದೆ ರೋಗ ಹೇಳುವ ಪಂಡಿತನನ್ನು ನಮ್ಮ ಹಳ್ಳಿಯವರು ಊರೊಳಗೆ ಬಿಟ್ಟುಕೊಳ್ಳುತ್ತಾರೆಯೇ? ಇವರಿಗೆ ಮಾತ್ರ ಕುರ್ಚಿ ಹಾಕಿ ಎಳನೀರು ಕೊಟ್ಟು ಕಳಿಸಿದರು.

ಈ ಕಡೆಯ ಮಾಲೀಕರು ಕಂಪನಿಯ ಹಳೆಯ ಸೈಲೆನ್ಸರನ್ನು ಅಟ್ಟದಲ್ಲಿಟ್ಟು, ಸರ್ವೀಸಿಗೆ ಬಿಡುವ ಮುನ್ನ ಅದನ್ನೇ ಮತ್ತೆ ಕಟ್ಟಿಸುತ್ತಾರೆ. ಹೊನ್ನಪ್ಪನವರಿಗೆ ಅದಕ್ಕೂ ದಾರಿ ಇರಲಿಲ್ಲ. ಅವರ ಸೈಲೆನ್ಸರಿನ ಒಳತಟ್ಟೆ ಕತ್ತರಿಸಿ ತೆಗೆದು, ಹೊನ್ನಪ್ಪನವರ ಹೆಂಡತಿ ಚಲುವಮ್ಮನ ಬಚ್ಚಲೊಲೆಗೆ ಹೊಗೆಗೂಡು ಮಾಡಿಕೊಟ್ಟಿದ್ದವರು ಇದೇ ಕುಳ್ಳಯ್ಯ.

"ಹೊಗೆ ಏನೋ ತಪ್ತು ಕಣಣ್ಣ, ಆದ್ರೆ ಆ ಒಲೆ ಅಚ್ಚಕ್ಕೇ ಮನಸ್ ಬರಕಿಲ್ಲ," ಎನ್ನುತ್ತಾರೆ ಚಲುವಮ್ಮ. ಲಾರಿ ಹುಣಸೆಮರದಡಿ ನಿಂತಿದೆ. ಕುಳ್ಳಯ್ಯ ಎದುರು ಸಿಕ್ಕರೆ ಹೊನ್ನಪ್ಪ ಮುಖ ತಿರುಗಿಸುತ್ತಾರೆ.

ಮೂರು ಬೊಟ್ಟಿದ್ದರೆ ವಾರಂಟಿ ಇಲ್ಲವೆಂಬ ಮಾತು ಕೆ.ಆರ್. ಪೇಟೆ, ನಾಗಮಂಗಲ ದಾಟಿದೆ. ತಿಂಗಳಿಗೆ ಆರೇಳು ಪೈಪು ಏರಿಸುತ್ತಿದ್ದವರು ಈ ತಿಂಗಳು ಹನ್ನೊಂದು ಕಿತ್ತಿದ್ದಾರೆ. ಏರಿಸಿದ್ದು ಒಂದೂ ಇಲ್ಲ.

ಗಾಳಿಯ ಪೈಪೂ ಇಳಿಯಿತು, ಹಳೆಯ ಸೈಲೆನ್ಸರ್ ಕಟ್ಟಿದ್ದಾಯಿತು. ತಿಮ್ಮರಾಜು ಬಗ್ಗಿ ನೋಡುತ್ತಾರೆ. "ಪಟ್ಟಿ ಮ್ಯಾಲಿರೋ ಬೊಟ್ಟೂ ಉಜ್ಬುಡು. ಕಂಡ್ಬುಟ್ರೆ ಕಷ್ಟ."

ಕುಳ್ಳಯ್ಯ ಗ್ರೈಂಡರ್ ಎತ್ತಿಕೊಳ್ಳುತ್ತಾರೆ. ಒಂದು ಬೊಟ್ಟು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಕೈ ನಿಲ್ಲುತ್ತದೆ. ನನ್ನ ಕಡೆ ತಿರುಗುತ್ತಾರೆ.

"ಆ ಷೋರೂಮ್ನೋರು ಹೊನ್ನಪ್ಪನ ಇಂಜಿನ್ನ ನನ್ ಕಣ್ಮುಂದೆ ಒಂದ್ಸಲ ಬಿಚ್ಲಿ ಸ್ವಾಮಿ. ನನ್ ಪೈಪಿನ ಸಂದಿಂದ ಒಳಕ್ಕೋದ ಧೂಳು ಸಿಕ್ರೆ ಈ ಕಟರ್ನ ಕಾವೇರಿಗೆ ಎಸ್ದುಬುಡ್ತೀನಿ. ಸಿಗ್ದೇ ಓದ್ರೆ, ಕೊಂದಿದ್ದು ಕುಳ್ಳಯ್ಯನ ಪೈಪಲ್ಲ ಅಂತ ಒಂದ್ ಮಾತ್ ಅನ್ಲಿ. ಅಷ್ಟು ಸಾಕು."

ಯಾರೂ ಬಿಚ್ಚುವುದಿಲ್ಲ ಎಂಬುದು ಅವರಿಗೂ ಗೊತ್ತು. ಗ್ರೈಂಡರ್ ಮತ್ತೆ ತಿರುಗುತ್ತದೆ.